ನಾಟಿಂಗ್ ಹಿಲ್‌ನ ಮುಖಗಳು
ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1944ರಲ್ಲಿ ಹುಟ್ಟಿ, 1956ರಲ್ಲಿ ಲಂಡನ್ನಿಗೆ ವಲಸೆ ಬಂದು, ಅಲ್ಲಿನ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಬೆಳೆದ ಚಾರ್ಲಿ ಫಿಲಿಪ್ಸ್ ಛಾಯಾಗ್ರಹಣವನ್ನು ಗುರುಮುಖೇನ ಕಲಿತವರಲ್ಲ. ಅಮೆರಿಕದ ಕಪ್ಪು ಸೈನಿಕನೊಬ್ಬನಿಂದ ದೊರೆತ ಕೊಡ್ಯಾಕ್ ಬ್ರೌನಿ ಎಂಬ ಅಗ್ಗದ, ಸರಳ ಕ್ಯಾಮೆರಾ ಹಾಗೂ ಒಂದು ಕೈಪಿಡಿಯ ನೆರವಿನಿಂದ ತಾವೇ ಕಲಿತು, ಮನೆಯವರು ಮಲಗಿದ ಮೇಲೆ ಬಚ್ಚಲುಮನೆಯನ್ನೇ ಕತ್ತಲಕೋಣೆಯಾಗಿಸಿಕೊಂಡು, ಅಂದರೆ ಫಿಲ್ಮನ್ನು ರಾಸಾಯನಿಕಗಳಲ್ಲಿ ಅದ್ದಿ ಬಿಂಬ ಮೂಡಿಸುವ ಜಾಗವಾಗಿಸಿಕೊಂಡು, ಚಿತ್ರಗಳನ್ನು ತಯಾರಿಸಿದರು. ಆ ಚಿತ್ರಗಳಲ್ಲಿ ಕಾಣುವವರು ಹೆಚ್ಚಾಗಿ ಅವರ ಸುತ್ತಲಿನ ಕೆರಿಬಿಯನ್ ವಲಸಿಗರು. 1948ರಲ್ಲಿ ಎಂಪೈರ್ ವಿಂಡ್‌ರಶ್ ಹಡಗು ಬಂದಂದಿನಿಂದ ಬ್ರಿಟನ್ನಿನಲ್ಲಿ ನೆಲೆಸತೊಡಗಿದ ಕೆರಿಬಿಯನ್ ವಲಸಿಗರನ್ನು ವಿಂಡ್‌ರಶ್ ಪೀಳಿಗೆ ಎನ್ನಲಾಗುತ್ತದೆ. ನಾಟಿಂಗ್ ಹಿಲ್‌ನಲ್ಲಿ ನಡೆದ 1958ರ ಜನಾಂಗೀಯ ಗಲಭೆಗಳ ತರುವಾಯ ಹೊರಗಿನವರ ಕಣ್ಣಿಗೆ ಬರಿಯ ಸಮಸ್ಯೆಯಾಗಿ ಕಂಡ ಈ ಜನ ಫಿಲಿಪ್ಸ್ ಅವರಿಗೆ ನೆರೆಹೊರೆಯವರಾಗಿದ್ದರು, ಆದ್ದರಿಂದಲೇ ಫಿಲಿಪ್ಸ್ ತೆಗೆದ ಭಾವಚಿತ್ರಗಳಲ್ಲಿ ಯಾರೂ ಮರುಕವನ್ನು ಬೇಡುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ 1967ರ ‘ನಾಟಿಂಗ್ ಹಿಲ್ ಕಪಲ್’ ಇದಕ್ಕೆ ನಿದರ್ಶನ: ಕಪ್ಪು ತರುಣ, ಬಿಳಿ ತರುಣಿ, ಇಬ್ಬರೂ ಕ್ಯಾಮೆರಾವನ್ನು ನೇರವಾಗಿ ನೋಡುತ್ತಾರೆ, ಅಂಥ ಜೋಡಿ ಬೀದಿಯಲ್ಲಿ ನಡೆದರೆ ಬೈಗುಳ ಕೇಳಬೇಕಿದ್ದ ಕಾಲದಲ್ಲಿ ಆ ನೋಟ ಸವಾಲೂ ಹೌದು, ತುಸು ಆತಂಕವೂ ಹೌದು. ಈ ಒಂದು ಚಿತ್ರಕ್ಕೆ ಸಿಕ್ಕ ಖ್ಯಾತಿ ನ್ಯಾಯವಾದುದೇ. ಆದರೂ ದಶಕಗಳುದ್ದಕ್ಕೂ ಅವರು ತೆಗೆದ, ಲಂಡನ್ನಿನ ಆಫ್ರಿಕನ್-ಕೆರಿಬಿಯನ್ ಶವಸಂಸ್ಕಾರಗಳ ಚಿತ್ರಗಳು ಇದಕ್ಕಿಂತ ದೊಡ್ಡ ಸಾಧನೆ ಎನ್ನಬೇಕು, ಏಕೆಂದರೆ ಟೋಪಿ, ಕೋಟುಗಳಲ್ಲಿ ಶಿಸ್ತಾಗಿ ಸಿಂಗರಿಸಿಕೊಂಡು ಸಮಾಧಿಯ ಸುತ್ತ ನೆರೆದ ಬಂಧುಬಳಗದಲ್ಲಿ ವ್ಯಕ್ತಿಯ ಭಾವಚಿತ್ರವು ಸಮುದಾಯದ ಭಾವಚಿತ್ರವಾಗಿ ಹಿಗ್ಗುತ್ತದೆ. ಮನ್ನಣೆ ಮಾತ್ರ ಬಹಳ ತಡವಾಗಿ ಬಂದಿತು. ನಡುವಿನ ಎಷ್ಟೋ ವರ್ಷ ಅವರು ದಕ್ಷಿಣ ಲಂಡನ್ನಿನಲ್ಲಿ ಹೋಟೆಲು ನಡೆಸಿ ಬದುಕಿದರು.