ಕೆಂಪು ಮಚ್ಚೆಯ ಹಂದಿಯನ್ನು ಮಾರಬೇಡಿ, ಕೊಯ್ಯಬೇಡಿ

ಹಂದಿ ಸಾಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಮೂರು ತಿಂಗಳು ದಾಟಿದ ಮರಿಯೊಂದು ತಿನ್ನುವುದನ್ನು ಬಿಟ್ಟು ಮೂಲೆ ಹಿಡಿಯುತ್ತದೆ. ಹಿಂಗಾಲು, ತೊಡೆ, ಬಾಲದ ಬುಡದಲ್ಲಿ ಕೆಂಪು ಮಚ್ಚೆ ಏಳುತ್ತವೆ. ನೋಡನೋಡುತ್ತ ಅವು ನೇರಳೆಗೆ ತಿರುಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗಾಬರಿಯಲ್ಲಿ ಅದನ್ನು ಅರ್ಧ ಬೆಲೆಗೆ ವ್ಯಾಪಾರಿಯ ಗಾಡಿ ಹತ್ತಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಅದು ಪಿಡಿಎನ್‌ಎಸ್ ಎಂಬ ಚರ್ಮ ಮತ್ತು ಮೂತ್ರಪಿಂಡದ ಕಾಯಿಲೆ ಇರಬಹುದು. 1993ರಲ್ಲಿ ಬ್ರಿಟನ್ನಿನಿಂದ ಮೊದಲು ವರದಿಯಾದ ಇದಕ್ಕೆ ಹಂದಿಗಳ ಸರ್ಕೊವೈರಸ್-2ರ ನಂಟಿದೆ. ರಕ್ತನಾಳಗಳು ಉರಿಯೂತದಿಂದ ಕೆಟ್ಟು, ಕಿಡ್ನಿ ಊದಿ ಬಿಳಿಚಿಕೊಳ್ಳುತ್ತದೆ. ಮೇಲೆ ರಾಗಿ ಚೆಲ್ಲಿದಂತೆ ರಕ್ತದ ಚುಕ್ಕೆಗಳು. ಸಾಮಾನ್ಯವಾಗಿ ಹಿಂಡಿನಲ್ಲಿ ಕೆಲವೇ ಮರಿಗಳಿಗೆ ಬರುತ್ತದೆ, ಜ್ವರವೂ ಅಷ್ಟಾಗಿ ಇರುವುದಿಲ್ಲ. ಆದರೆ ಇದೇ ಮಚ್ಚೆ, ಇದೇ ಚುಕ್ಕೆ ಕ್ಲಾಸಿಕಲ್ ಹಂದಿಜ್ವರದಲ್ಲೂ ಆಫ್ರಿಕನ್ ಹಂದಿಜ್ವರದಲ್ಲೂ ಕಾಣುತ್ತವೆ. ಬರೀ ಕಣ್ಣಿಂದ ನೋಡಿ ಇಂಥದ್ದೇ ಎನ್ನಲು ಅನುಭವಿ ಪಶುವೈದ್ಯರಿಗೂ ಆಗದು.

ಆಫ್ರಿಕನ್ ಜ್ವರವೇ ಆಗಿದ್ದರೆ? ಅದಕ್ಕೆ ಔಷಧಿಯಿಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಿದ್ದು 2022ರ ಜುಲೈಗೆಲ್ಲ ನಮ್ಮ ಕೊಡಗಿನ ಪಕ್ಕದ ವಯನಾಡಿಗೆ ಬಂತು. ಮನುಷ್ಯರಿಗೆ ತಗಲುವುದಿಲ್ಲ, ನಿಜ. ಆದರೆ ಮಾಂಸದಲ್ಲಿ ಉಳಿದ ವೈರಸ್ ಹೋಟೆಲಿನ ಮುಸುರೆಯ ಜೊತೆ ಇನ್ನೊಬ್ಬ ಬಡವನ ಗೂಡು ಸೇರುತ್ತದೆ.

ಆದ್ದರಿಂದ ಸತ್ತ ಹಂದಿಯನ್ನು ನೀವಾಗಿ ಕೊಯ್ಯಬೇಡಿ. ಚೆಲ್ಲಿದ ರಕ್ತವೇ ರೋಗ ಹರಡುತ್ತದೆ. ಡಾಕ್ಟರು ಬಂದು ರಕ್ತ ತೆಗೆದುಕೊಳ್ಳಲಿ. ಆಫ್ರಿಕನ್ ಜ್ವರ ಹೌದೋ ಅಲ್ಲವೋ ಎಂಬುದು ಮೊದಲು ಗೊತ್ತಾಗಬೇಕು. ಭೋಪಾಲದ ಪ್ರಯೋಗಾಲಯ ಅದನ್ನು ಖಚಿತಪಡಿಸುತ್ತದೆ. ಅಲ್ಲವೆಂದಾದರೆ ಚರ್ಮದ, ಕಿಡ್ನಿಯ ತುಣುಕುಗಳನ್ನು ಫಾರ್ಮಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಲು ಒತ್ತಾಯಿಸಿ. ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಲ್ಲಿ ಸರ್ಕೊವೈರಸ್ ಸಿಕ್ಕಿತು ಎಂಬುದಷ್ಟೇ ಸಾಲದು, ಆರೋಗ್ಯವಾಗಿರುವ ಹಂದಿಯಲ್ಲೂ ಅದು ಇರುತ್ತದೆ. ರಕ್ತನಾಳವೂ ಕಿಡ್ನಿಯೂ ಕೆಟ್ಟಿರುವುದು ಕಂಡರೆ ಮಾತ್ರ ಪಿಡಿಎನ್‌ಎಸ್ ಎನ್ನಬಹುದು.

ಪಶುಪಾಲನಾ ಇಲಾಖೆಯವರಲ್ಲೂ ಒಂದು ಮಾತು. ಆಫ್ರಿಕನ್ ಜ್ವರವೆಂದು ಗೊತ್ತಾದರೆ ಇಡೀ ಹಿಂಡನ್ನೇ ಕೊಂದುಬಿಡುತ್ತಾರೆ ಎಂಬ ಹೆದರಿಕೆಗೇ ಸಾಕುವವರು ಬಾಯಿ ಬಿಡುವುದಿಲ್ಲ. ಅವರನ್ನು ಬೈದು ಫಲವಿಲ್ಲ. ಪರೀಕ್ಷೆಯ ವರದಿ ಅವರ ಕೈಗೇ ತಲುಪಲಿ, ಕೊಂದ ಹಂದಿಗೆ ಪರಿಹಾರ ತಡವಾಗದಿರಲಿ. ಒಬ್ಬರಿಗೆ ದುಡ್ಡು ಬಾರದಿದ್ದರೆ ಮುಂದಿನ ಸಲ ಇಡೀ ಊರೇ ಸುಮ್ಮನಿರುತ್ತದೆ.

ಸಾಕುವವರೇ, ಮಚ್ಚೆ ಕಂಡ ದಿನವೇ ಆ ಮರಿಯನ್ನು ಬೇರೆ ಕಟ್ಟಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಡಾಕ್ಟರು ಬಂದು ನೋಡುವವರೆಗೆ ಗೂಡಿನಿಂದ ಒಂದು ಹಂದಿಯೂ ಹೊರಗೆ ಹೋಗದಿರಲಿ.