ಮತದಾರನ ಒಲವೋ, ನೀರಿನ ಲೆಕ್ಕವೋ?

‘ಕರ್ನಾಟಕ ಒಂದೇ ಪಕ್ಷದತ್ತ ವಾಲಿಬಿಟ್ಟಿದೆ, ಜನರಿಗೆ ಜಾತಿ, ಧರ್ಮಗಳ ಹೊರತು ಬೇರೇನೂ ಬೇಡವಾಗಿದೆ’ ಎಂಬ ಹಳಹಳಿಕೆ ನಮ್ಮ ಪರಿಸರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧಸತ್ಯ, ಮತದಾರನಿಗೆ ಮಾಡುವ ಅವಮಾನವೂ ಹೌದು.

ಜಾತಿಯ ಪಾತ್ರವನ್ನು ಅಲ್ಲಗಳೆಯಲಾಗದು. 1989ರಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನಗಳನ್ನು ಗಳಿಸಿಕೊಟ್ಟ ವೀರೇಂದ್ರ ಪಾಟೀಲರನ್ನು ಮರುವರ್ಷವೇ ಮುಖ್ಯಮಂತ್ರಿ ಪದವಿಯಿಂದ ಇಳಿಸಲಾಯಿತು. ಅಲ್ಲಿಂದ ದೂರ ಸರಿದ ಲಿಂಗಾಯತ ಮತಗಳಲ್ಲಿ ಬಹುಪಾಲು ಕ್ರಮೇಣ ಯಡಿಯೂರಪ್ಪನವರ ಮೂಲಕ ಬಿಜೆಪಿಯಲ್ಲಿ ನೆಲೆಗೊಂಡವು. ಆದರೂ ವಿಧಾನಸಭಾ ಚುನಾವಣೆಯಲ್ಲಿ ಆ ಪಕ್ಷ ಈವರೆಗೆ ಸ್ವಂತ ಬಹುಮತ ಗಳಿಸಿಲ್ಲ: 2008ರಲ್ಲಿ 110, 2018ರಲ್ಲಿ 104, 2023ರಲ್ಲಿ 66. ಇದೇ ಮತದಾರರು 2019ರಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 25ನ್ನು ಅದಕ್ಕೇ ಕೊಟ್ಟರು. 1985ರ ನಂತರ ಯಾವ ಆಡಳಿತ ಪಕ್ಷವನ್ನೂ ಬಹುಮತದೊಡನೆ ವಿಧಾನಸೌಧಕ್ಕೆ ಮರಳಿಸಿಲ್ಲ. ದೆಹಲಿಗೊಂದು, ಬೆಂಗಳೂರಿಗೊಂದು ತಕ್ಕಡಿ ಹಿಡಿಯುವವನು ಕುರುಡು ಭಕ್ತನಲ್ಲ.

ಬಿಳಿಚೋಡನ್ನೇ ನೋಡಿ. ಜಗಳೂರು ತಾಲ್ಲೂಕಿನ ಈ ಸೀಮೆ ಬರಕ್ಕೆ ಹೆಸರಾದುದು. ಮುಂಗಾರು ಕೈಕೊಟ್ಟರೆ ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಒಣಗುತ್ತದೆ. ಜಗಳೂರು ಕ್ಷೇತ್ರ 2018ರಲ್ಲಿ ಬಿಜೆಪಿಯನ್ನು ಗೆಲ್ಲಿಸಿ, 2023ರಲ್ಲಿ ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಕಾಂಗ್ರೆಸ್ಸನ್ನು ಆರಿಸಿತು. ಪಕ್ಷ ಬದಲಾಯಿತು, ಭರವಸೆ ಬದಲಾಗಲಿಲ್ಲ: ಭದ್ರಾ ಮೇಲ್ದಂಡೆ. 29.9 ಟಿಎಂಸಿ ನೀರು, 2.25 ಲಕ್ಷ ಹೆಕ್ಟೇರ್ ಭೂಮಿ, ಕೇಂದ್ರದ 2023ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಗಳ ಘೋಷಣೆ. ಬಾಯಾರಿದವನು ನೀರು ಕೊಡುವೆನೆಂದವನ ಕಡೆ ತಿರುಗಿದರೆ ಅದನ್ನು ಮೌಢ್ಯವೆನ್ನಲಾದೀತೆ?

ಆ ನೀರು ಹೊರಡಬೇಕಾದುದು ನಮ್ಮ ಮಲೆಗಳಿಂದ, ತುಂಗಾ-ಭದ್ರೆಯರಿಂದ. ಶೋಲಾ ಕಾಡು ಅಳಿದು ಬೆಟ್ಟ ಬೋಳಾದರೆ ಆ ಕಾಲುವೆ ಬರಿಯ ಸಿಮೆಂಟಿನ ಚರಂಡಿ. ಈ ಸತ್ಯವನ್ನು ಬಿಳಿಚೋಡಿನ ರೈತನ ಹೊಲದ ಬದುವಿನ ಮೇಲೆ ಕುಳಿತು ನಾವೆಂದಾದರೂ ಹೇಳಿದ್ದೇವೆಯೆ? ಕಾಡು ಉಳಿಸಿರೆಂದು ಘೋಷಣೆ ಕೂಗಿದೆವು. ಆತನ ಕೆರೆಯ ಹೂಳಿನ ಬಗ್ಗೆ, ಕೃಷಿಹೊಂಡದ ಬಗ್ಗೆ, ಮೆಕ್ಕೆಜೋಳ ನುಂಗಿದ ನವಣೆ-ಸಾವೆಗಳ ಬಗ್ಗೆ ಮೌನವಾಗಿದ್ದೆವು. ನಾವು ಬಿಟ್ಟ ಜಾಗವನ್ನು ಪಕ್ಷಗಳು ತುಂಬಿದವು. ಕೃಷಿ ವಿಜ್ಞಾನಿಯಾದ ನಾನೂ ಈ ತಪ್ಪಿನಲ್ಲಿ ಪಾಲುದಾರ.

ವಿದ್ಯಾರ್ಥಿ ಮಿತ್ರರೇ, ಮತದಾರನನ್ನು ಜರೆಯುವುದನ್ನು ಬಿಡೋಣ. ಮುಂದಿನ ಚುನಾವಣೆಗೆ ಮೊದಲು ಮಲೆನಾಡೂ ಬಯಲುಸೀಮೆಯೂ ಒಂದೇ ಚಾಪೆಯ ಮೇಲೆ ಕುಳಿತು, ಎಲ್ಲ ಪಕ್ಷಗಳಿಗೂ ಒಂದೇ ಪ್ರಶ್ನೆ ಕೇಳಲಿ: ಕಾಲುವೆಯ ಲೆಕ್ಕ ಕೊಟ್ಟಿರಿ, ಕಾಡಿನ ಲೆಕ್ಕವೆಲ್ಲಿ?