ಬೇಗ ತಿರುಗುವುದೊಂದೇ ಗುಣವೆ?

ಯಂತ್ರವೊಂದನ್ನು ಕಂಡರೆ ಅದನ್ನು ಬಿಚ್ಚಿ ನೋಡಬೇಕು, ಇದ್ದುದಕ್ಕಿಂತ ಚೆನ್ನಾಗಿ ಮಾಡಬೇಕು ಎಂಬ ಆಸೆ ತರುಣರಿಗೆ ಸಹಜವಾದುದು. ಆ ಆಸೆಯನ್ನು ಹಳಿಯುವುದಕ್ಕಾಗಿ ನಾನು ಲೇಖನಿ ಹಿಡಿದಿಲ್ಲ. ಆದರೆ ಈಚೆಗೆ ನಮ್ಮ ಗೆಳೆಯರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಕಾರಿನ ಪವರ್ ಸ್ಟೀರಿಂಗಿನಲ್ಲಿರುವ ರ‍್ಯಾಕನ್ನು ತೆಗೆಸಿ, ಅದಕ್ಕಿಂತ ಚುರುಕಾದ ಬೇರೊಂದನ್ನು ಹಾಕಿಸಿದರೆ ಗಾಡಿ ಬೆರಳ ತುದಿಯಲ್ಲಿ ಕುಣಿಯುವುದೆಂದು ಅವರು ಹೇಳುತ್ತಾರೆ. ಈ ಮಾತು ನಮ್ಮ ಮನೆಯಲ್ಲಿಯೂ ಎದ್ದಿತು. ನನ್ನ ಅಣ್ಣ ಹೊಸಪೇಟೆಯಿಂದ ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರನ್ನು ಓಡಿಸುತ್ತಾನೆ. ಮನೆಯ ಅನ್ನ, ನನ್ನ ಓದು ಎರಡೂ ಆ ಕಾರಿನ ನಾಲ್ಕು ಗಾಲಿಗಳ ಮೇಲೆ ನಿಂತಿವೆ. ಆದುದರಿಂದ ಇದು ನನಗೆ ಕೇವಲ ಚರ್ಚಾಕೂಟದ ವಿಷಯವಲ್ಲ.

ಮೊದಲು ಈ ರ‍್ಯಾಕ್ ಎಂದರೇನೆಂದು ನೋಡೋಣ. ನಾವು ಕೈಯಲ್ಲಿ ಹಿಡಿಯುವ ಸ್ಟೀರಿಂಗಿನಿಂದ ಒಂದು ದಂಡವು ಕೆಳಕ್ಕೆ ಇಳಿಯುತ್ತದೆ. ಅದರ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯಿದೆ. ಅದರ ಹಲ್ಲುಗಳು ಅಡ್ಡಲಾಗಿ ಮಲಗಿರುವ ಹಲ್ಲುಳ್ಳ ಸಲಾಕೆಯೊಂದನ್ನು ಕಚ್ಚಿಕೊಂಡಿರುತ್ತವೆ. ಈ ಸಲಾಕೆಯೇ ರ‍್ಯಾಕ್. ಪಿನಿಯನ್ ತಿರುಗಿದರೆ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗಳ ಟೈ ರಾಡುಗಳು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಸ್ಟೀರಿಂಗನ್ನು 16 ಡಿಗ್ರಿ ತಿರುಗಿಸಿದಾಗ ಗಾಲಿ 1 ಡಿಗ್ರಿ ತಿರುಗಿದರೆ ಅದನ್ನು 16ಕ್ಕೆ 1ರ ಪ್ರಮಾಣ ಎನ್ನುತ್ತಾರೆ. ಚುರುಕಾದ ರ‍್ಯಾಕಿನಲ್ಲಿ ಈ ಪ್ರಮಾಣ 12ಕ್ಕೆ 1 ಇರಬಹುದು. ಆಗ ಕೈ ಅಷ್ಟೇ ಚಲಿಸಿದರೂ ಗಾಲಿ ಮೂರನೆಯ ಒಂದು ಪಾಲು ಹೆಚ್ಚಾಗಿ ತಿರುಗುತ್ತದೆ.

ಇದರ ಜೊತೆಗೆ ಸೇರುವುದು ಪವರ್, ಎಂದರೆ ಯಂತ್ರದ ನೆರವು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರು 1926ರಲ್ಲಿಯೇ ಇಂತಹ ನೆರವಿನ ಸಾಧನವನ್ನು ಮೋಟಾರು ಗಾಡಿಯಲ್ಲಿ ಅಳವಡಿಸಿ ತೋರಿಸಿದನು. 1951ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ಮಾರಾಟದ ಕಾರಿನಲ್ಲಿ ತಂದಿತು. ಆ ಬಗೆಯಲ್ಲಿ ಪಂಪಿನಿಂದ ಒತ್ತಡಕ್ಕೊಳಗಾದ ಎಣ್ಣೆಯು ರ‍್ಯಾಕನ್ನು ತಳ್ಳುತ್ತದೆ. 1988ರಲ್ಲಿ ಜಪಾನಿನ ಸುಜುಕಿ ಕಂಪನಿಯ ಸೆರ್ವೋ ಎಂಬ ಸಣ್ಣ ಕಾರಿನಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಬಂದಿತು. ಈಗ ನಮ್ಮ ರಸ್ತೆಗಳ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಈ ವಿದ್ಯುತ್ತಿನ ಬಗೆಯೇ.

ಇಲ್ಲಿ ನಮ್ಮ ಗೆಳೆಯರು ಮೂರು ಬೇರೆ ಬೇರೆ ಗುಣಗಳನ್ನು ಒಂದೇ ಎಂದು ಭಾವಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ಹಗುರವಾಗಿರುವುದು ಒಂದು, ಚುರುಕಾಗಿರುವುದು ಇನ್ನೊಂದು, ಖಚಿತವಾಗಿರುವುದು ಮತ್ತೊಂದು. ಹಗುರತನ ಬರುವುದು ಪವರಿನಿಂದ. ಚುರುಕು ಬರುವುದು ಹಲ್ಲುಗಳ ಪ್ರಮಾಣದಿಂದ. ಖಚಿತತೆಯೆಂದರೆ ನಾನು ತಿರುಗಿಸಿದಷ್ಟೇ, ತಿರುಗಿಸಿದಾಗಲೇ, ಪ್ರತಿಸಲವೂ ಒಂದೇ ರೀತಿಯಾಗಿ ಗಾಡಿ ತಿರುಗುವುದು. ಅದು ಬರುವುದು ಟೈರು, ಗಾಳಿಯ ಒತ್ತಡ, ಬುಷ್‌ಗಳು, ಟೈ ರಾಡಿನ ಕೀಲುಗಳು, ಗಾಲಿಗಳ ನೇರ್ಪು ಇವೆಲ್ಲ ಸರಿಯಾಗಿರುವುದರಿಂದ. ಕೀಲು ಸವೆದು ಅಲುಗಾಡುತ್ತಿರುವ ಗಾಡಿಗೆ ಚುರುಕಾದ ರ‍್ಯಾಕನ್ನು ಹಾಕಿದರೆ ಆ ಅಲುಗಾಟವೇನೂ ಹೋಗುವುದಿಲ್ಲ. ತಪ್ಪು ದಿಕ್ಕಿಗೆ ಇನ್ನೂ ಬೇಗ ಹೋಗಬಹುದು, ಅಷ್ಟೆ.

ಭೌತಶಾಸ್ತ್ರದ ತರಗತಿಯಲ್ಲಿ ಕಲಿತುದನ್ನೇ ಸ್ವಲ್ಪ ಉಪಯೋಗಿಸೋಣ. ಒಂದು ಕಾರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನಿ. ಒಂದು ಸೆಕೆಂಡಿಗೆ ಅದು 22 ಮೀಟರು ಸಾಗುತ್ತದೆ. ಗುಂಡಿಯೊಂದಕ್ಕೆ ಗಾಲಿ ಬಿದ್ದು ಓಡಿಸುವವನ ಕೈ 8 ಡಿಗ್ರಿಯಷ್ಟು ಕದಲಿತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಎರಡೂವರೆ ಮೀಟರು ಅಂತರವಿರುವ ಕಾರು, 16ಕ್ಕೆ 1ರ ಪ್ರಮಾಣದಲ್ಲಿ ಒಂದು ಸೆಕೆಂಡಿನೊಳಗೆ ಸುಮಾರು 86 ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತದೆ. 12ಕ್ಕೆ 1ರ ಪ್ರಮಾಣದಲ್ಲಿ ಅದೇ ಕಾರು 1 ಮೀಟರು 15 ಸೆಂಟಿಮೀಟರು ಸರಿಯುತ್ತದೆ. ಟೈರಿನ ಜಾರುವಿಕೆಯನ್ನು ಬದಿಗಿಟ್ಟ ಬರಿಯ ರೇಖಾಗಣಿತದ ಲೆಕ್ಕ ಇದು. ವ್ಯತ್ಯಾಸ ಒಂದು ಅಡಿಗೆ ಸ್ವಲ್ಪವೇ ಕಡಿಮೆ.

ಒಂದು ಅಡಿ ಎಂದರೆ ಏನು ಮಹಾ ಎಂದು ಕೇಳುವವರು ಒಮ್ಮೆ ಸಂಡೂರಿನ ಕಡೆಗೆ ಹೋಗಿ ಬರಬೇಕು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಕೆಲಕಾಲ ಅಲ್ಲಿ ಲಾರಿಗಳ ಸದ್ದು ಅಡಗಿತ್ತು. ಮುಂದೆ ನಿಬಂಧನೆಗಳೊಡನೆ ಗಣಿಗಳು ತೆರೆದುವು, ಲಾರಿಗಳೂ ಬಂದುವು. ಒಂದೊಂದು ಲಾರಿಯ ಅಗಲ ಸುಮಾರು ಎರಡೂವರೆ ಮೀಟರು. ಎರಡು ಸಾಲಿನ ಏಳು ಮೀಟರು ರಸ್ತೆಯಲ್ಲಿ ಅದರ ಪಾಲಿಗೆ ಬರುವುದು ಮೂರೂವರೆ ಮೀಟರು. ಉಳಿದ ಜಾಗವನ್ನು ನೀವೇ ಅಳೆದುಕೊಳ್ಳಿ. ಇನ್ನು ಕಂಪ್ಲಿಯ ಕಡೆಗೆ ತಿರುಗಿದರೆ ಸುಗ್ಗಿಯ ದಿನಗಳಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಭತ್ತವನ್ನು ಒಣಹಾಕಿರುತ್ತಾರೆ. ಹಂಪಿಯ ದಾರಿಯಲ್ಲಿ ಬಾಡಿಗೆ ಸೈಕಲ್ಲಿನ ಮೇಲೆ ದೂರದೇಶದ ಅತಿಥಿಗಳು ಗೋಪುರವನ್ನು ನೋಡುತ್ತಾ ಸಾಗುತ್ತಿರುತ್ತಾರೆ. ಇಂತಹ ಕಡೆ ಆ ಒಂದು ಅಡಿ ನಮ್ಮದಲ್ಲ. ಅದು ಸೈಕಲ್ಲಿನವನದು, ಭತ್ತವನ್ನು ಹರವುತ್ತಿರುವ ತಾಯಿಯದು.

ಎದುರುವಾದವನ್ನೂ ಕೇಳತಕ್ಕದ್ದು ನ್ಯಾಯ. ನನ್ನ ಅಣ್ಣನ ವಾದ ಹೀಗಿತ್ತು: “ದಿನಕ್ಕೆ ಹತ್ತಾರು ಸಲ ಇಕ್ಕಟ್ಟಿನಾಗ ಗಾಡಿ ಹೊಳ್ಳಿಸ್ತೀನಿ. ಸುತ್ತು ಕಡಿಮಿ ಆದ್ರ ತೋಳಿಗೆ ಆರಾಮ ಅಲ್ಲೇನು?” ಈ ಮಾತಿನಲ್ಲಿ ಸತ್ಯವಿದೆ. ಮೋಟಾರು ಪಂದ್ಯಗಳಲ್ಲಿ ಚುರುಕಾದ ರ‍್ಯಾಕು ಉಪಯುಕ್ತವೆಂಬುದೂ ಸತ್ಯ. ಆದರೆ ಪಂದ್ಯದ ದಾರಿಯಲ್ಲಿ ಎದುರಿಗೆ ಲಾರಿ ಬರುವುದಿಲ್ಲ. ಅಲ್ಲದೆ, ಕೈ ಸಾಗುವ ದೂರ ಕಡಿಮೆಯಾದಷ್ಟೂ ಹಾಕಬೇಕಾದ ಬಲ ಹೆಚ್ಚುವುದೆಂಬುದು ಸನ್ನೆಗೋಲಿನಷ್ಟು ಹಳೆಯ ನಿಯಮ. ಮೋಟಾರಿನ ನೆರವು ಇರುವವರೆಗೆ ಇದು ತೋರುವುದಿಲ್ಲ. ನೆರವು ನಿಂತುಹೋದ ಗಳಿಗೆಯಲ್ಲಿ, ತಿರುವಿನ ನಡುವೆ, ಆ ಹೆಚ್ಚಿನ ಭಾರವೆಲ್ಲ ತೋಳಿನ ಮೇಲೆಯೇ ಬೀಳುತ್ತದೆ. ವಿದ್ಯುತ್ ಮೋಟಾರು ಎಷ್ಟು ನೆರವು ಕೊಡಬೇಕೆಂಬುದನ್ನು ಕಾರಿನ ತಯಾರಕರು ಅದರ ಮೂಲ ರ‍್ಯಾಕಿಗೆ, ಟೈರಿಗೆ, ತೂಕಕ್ಕೆ ಹೊಂದಿಸಿರುತ್ತಾರೆ. ನಡುವಿನಲ್ಲಿ ಸಾವಕಾಶವಾಗಿಯೂ ಕೊನೆಗಳಲ್ಲಿ ಚುರುಕಾಗಿಯೂ ಇರುವ ರ‍್ಯಾಕುಗಳನ್ನು ಅವರೇ ಮಾಡುವುದುಂಟು. ಒಂದು ಭಾಗವನ್ನು ಮಾತ್ರ ನಾವು ಬದಲಿಸಿದರೆ ಆ ಹೊಂದಾಣಿಕೆ ಕೆಡುತ್ತದೆ.

ಅಣ್ಣ ಕಾರನ್ನು ಗ್ಯಾರೇಜಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಮೇಸ್ತ್ರಿ ವಯಸ್ಸಾದವರು. ಅವರು ಮುಂದಿನ ಗಾಲಿಯನ್ನು ಎತ್ತಿ ಎರಡು ಕೈಗಳಿಂದ ಅಲುಗಿಸಿ, “ತಮ್ಮಾ, ಹೊಸಾದು ಹಾಕೋದು ಆಮ್ಯಾಲ. ಮೊದಲು ಇರೋದು ನೆಟ್ಟಗ ಐತೇನು ನೋಡು” ಎಂದರು. ಟೈ ರಾಡಿನ ಒಂದು ತುದಿ ಸವೆದಿತ್ತು. ಎರಡು ಟೈರುಗಳಲ್ಲಿ ಗಾಳಿ ಒಂದೇ ಸಮನಾಗಿರಲಿಲ್ಲ. ಗಾಲಿಗಳ ನೇರ್ಪು ತಪ್ಪಿತ್ತು. ಅವನ್ನು ಸರಿಪಡಿಸಿದ ಮೇಲೆ ಅಣ್ಣ ಗಾಡಿಯನ್ನು ಕಮಲಾಪುರದವರೆಗೆ ಓಡಿಸಿಕೊಂಡು ಬಂದನು. ಆಮೇಲೆ ರ‍್ಯಾಕಿನ ಮಾತನ್ನು ಅವನಾಗಿ ಎತ್ತಲಿಲ್ಲ. ನಾವು ಬಯಸುತ್ತಿದ್ದುದು ಚುರುಕನ್ನಲ್ಲ, ಖಚಿತತೆಯನ್ನು ಎಂದು ನಾನು ಹೇಳುವುದು ಈ ಕಾರಣದಿಂದ.

ಹಂಪಿಯಲ್ಲಿ ಚೈತ್ರದ ಹುಣ್ಣಿಮೆಗೆ ವಿರೂಪಾಕ್ಷನ ತೇರು ಎಳೆಯುವುದನ್ನು ನೀವೆಲ್ಲರೂ ಬಲ್ಲಿರಿ. ಆ ಮಹಾರಥಕ್ಕೆ ಸ್ಟೀರಿಂಗಿಲ್ಲ. ಗಾಲಿಯ ಪಕ್ಕದಲ್ಲಿ ನಡೆಯುವವರು ಮರದ ಸನ್ನೆಯನ್ನು ಕೊಟ್ಟು ಅದರ ದಿಕ್ಕನ್ನು ತಿದ್ದುತ್ತಾರೆ. ಹಗ್ಗ ಹಿಡಿದ ನೂರಾರು ಜನರ ಉತ್ಸಾಹಕ್ಕಿಂತ ಸನ್ನೆ ಹಾಕುವವನ ಎಚ್ಚರವೇ ಅಲ್ಲಿ ದೊಡ್ಡದು. ತೇರು ವಾಲುವ ಮೊದಲೇ ಅವನಿಗೆ ಅದು ತಿಳಿದಿರುತ್ತದೆ. ಅವನ ಜಾಣ್ಮೆ ಬೇಗ ತಿರುಗಿಸುವುದರಲ್ಲಿಲ್ಲ. ಎಷ್ಟು ಬೇಕೋ ಅಷ್ಟನ್ನೇ, ಬೇಕಾದ ಹೊತ್ತಿಗೆ ತಿರುಗಿಸುವುದರಲ್ಲಿದೆ. ಕಾರಿನ ಮುಂದೆ ಕುಳಿತವನಿಗೂ ಬೇಕಾದುದು ಇದೇ ಅಲ್ಲವೆ?

ಕಾನೂನಿನ ಮಾತನ್ನೂ ಮರೆಯಲಾಗದು. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ಅನುಮತಿಯಿಲ್ಲದ ರೀತಿಯಲ್ಲಿ ಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ಎತ್ತಬಹುದಾದ ಪ್ರಶ್ನೆ ಬೇರೆ. ಬಾಡಿಗೆ ಕಾರಿನಿಂದ ಬದುಕುವ ಮನೆಗೆ ಇವು ಚಿಕ್ಕ ಮಾತುಗಳಲ್ಲ.

ಹಾಗಾದರೆ ಯಂತ್ರಪ್ರೀತಿಯುಳ್ಳ ತರುಣನು ಕೈಕಟ್ಟಿ ಕುಳಿತಿರಬೇಕೆ? ಖಂಡಿತ ಬೇಡ. ತನ್ನ ಗಾಡಿಯ ಕೀಲುಗಳನ್ನು ತಾನೇ ಪರೀಕ್ಷಿಸುವುದನ್ನು ಅವನು ಕಲಿಯಲಿ. ತಿಂಗಳಿಗೆರಡು ಸಲವಾದರೂ ಟೈರಿನ ಗಾಳಿಯನ್ನು ನೋಡಲಿ. ರ‍್ಯಾಕಿಗೆಂದು ಕೂಡಿಟ್ಟ ಹಣದಲ್ಲಿ ಒಳ್ಳೆಯ ಟೈರುಗಳನ್ನು ಕೊಳ್ಳಲಿ, ಬ್ರೇಕುಗಳನ್ನು ಸರಿಪಡಿಸಲಿ. ನಮ್ಮದು ಕಲಾ ಕಾಲೇಜು ನಿಜ. ಆದರೂ ವರ್ಷಕ್ಕೊಮ್ಮೆ ಒಬ್ಬ ಅನುಭವಿ ಮೇಸ್ತ್ರಿಯನ್ನೂ ಒಬ್ಬ ಹಿರಿಯ ಲಾರಿ ಚಾಲಕನನ್ನೂ ಕರೆಸಿ ಉಪನ್ಯಾಸ ಮಾಡಿಸಿದರೆ ನಮಗೆ ನಷ್ಟವೇನೂ ಆಗದು. ಅಧ್ಯಾಪಕ ಮಹನೀಯರು ಇದನ್ನು ದಯವಿಟ್ಟು ಆಲೋಚಿಸಬೇಕೆಂದು ನನ್ನ ಬಿನ್ನಹ.

ರಸ್ತೆ ಒಬ್ಬರ ಸೊತ್ತಲ್ಲ. ನಾವು ತಿರುಗಿಸುವ ಚಕ್ರಕ್ಕೆ ಎದುರಿನವರ ಬದುಕೂ ಕಟ್ಟಿಕೊಂಡಿದೆ. ಅದು ಬೇಗ ತಿರುಗದಿದ್ದರೆ ಚಿಂತೆಯಿಲ್ಲ, ನಂಬುವಂತೆ ತಿರುಗಬೇಕು.